ನಲವತ್ತು ದಾಟಿದ ಮೇಲೆ ವರ್ಷಗಳು ಯಾಕೆ ಹೀಗೆ ಓಡುತ್ತವೆ?

"ಮೊನ್ನೆ ಯುಗಾದಿ ಮಾಡಿದ ಹಾಗಿದೆ, ಆಗಲೇ ದೀಪಾವಳಿ ಬಂತು. ನಲವತ್ತು ದಾಟಿದ ಮೇಲೆ ಎಲ್ಲರಿಗೂ ಹೀಗೇನಾ, ನನಗೊಬ್ಬನಿಗಾ?" ಎಂದು ಕೇಳಿದ್ದೀರಿ. ನಾನು 1979ರಲ್ಲಿ ಹುಟ್ಟಿದವನು. ನನಗೂ ಹೀಗೇ.

ಇದಕ್ಕೊಂದು ಹಳೆಯ ಲೆಕ್ಕ ಇದೆ. ಹತ್ತು ವರ್ಷದ ಹುಡುಗನಿಗೆ ಒಂದು ವರ್ಷ ಅಂದರೆ ಬದುಕಿನ ಹತ್ತರಲ್ಲೊಂದು ಪಾಲು. ನಮ್ಮಂಥವರಿಗೆ ನಲವತ್ತೈದರಲ್ಲೊಂದು. ಅದಕ್ಕೇ ಚಿಕ್ಕದಾಗಿ ಕಾಣುತ್ತದೆ ಅಂತ. ಪಾಲ್ ಜಾನೆ ಎಂಬ ಫ್ರೆಂಚ್ ತತ್ವಜ್ಞಾನಿ 19ನೇ ಶತಮಾನದಲ್ಲೇ ಇದನ್ನು ಹೇಳಿದ್ದ. ಲೆಕ್ಕ ಚೆನ್ನಾಗಿದೆ. ಆದರೆ ನನಗೆ ಪೂರ್ತಿ ಒಪ್ಪಿಗೆಯಿಲ್ಲ. ಹಾಗಿದ್ದರೆ ತಂಗಿ ಮಗಳ ನಾಮಕರಣಕ್ಕೆ ಹೋದ ನಾಲ್ಕು ದಿನ, ಅದರ ಹಿಂದಿನ ನಾಲ್ಕು ತಿಂಗಳಿಗಿಂತ ಉದ್ದ ಅನ್ನಿಸಿದ್ದು ಯಾಕೆ?

1996ರ ಮಾರ್ಚ್ 9 ನನಗೆ ಚೆನ್ನಾಗಿ ನೆನಪಿದೆ. ಬೆಂಗಳೂರಿನ ಚಿನ್ನಸ್ವಾಮಿ ಸ್ಟೇಡಿಯಮ್ಮಿನಲ್ಲಿ ಭಾರತ–ಪಾಕಿಸ್ತಾನದ ವಿಶ್ವಕಪ್ ಕ್ವಾರ್ಟರ್ ಫೈನಲ್. ನನಗೆ ಸೆಕೆಂಡ್ ಪಿಯುಸಿ ಪರೀಕ್ಷೆ ಹತ್ತಿರದಲ್ಲಿತ್ತು. ಪಕ್ಕದ ಮನೆಯ ಟಿವಿ ಮುಂದೆ, ತೊಡೆಯ ಮೇಲೆ ಫಿಸಿಕ್ಸ್ ನೋಟ್ಸು. ಬೌಂಡರಿ ಹೊಡೆದು ಬ್ಯಾಟು ತೋರಿಸಿದ ಆಮೀರ್ ಸೊಹೈಲ್‌ನ ಸ್ಟಂಪನ್ನು ಮುಂದಿನ ಎಸೆತದಲ್ಲೇ ವೆಂಕಟೇಶ್ ಪ್ರಸಾದ್ ಹಾರಿಸಿದಾಗ ನೋಟ್ಸು ಎಲ್ಲಿ ಬಿತ್ತೋ ಗೊತ್ತಿಲ್ಲ. ಆ ಮನೆಯ ಆಂಟಿ ಉಪ್ಪಿಟ್ಟು ಕೊಟ್ಟಿದ್ದರು, ಉಪ್ಪು ಸ್ವಲ್ಪ ಜಾಸ್ತಿಯಾಗಿತ್ತು. ಈಗ ಹೇಳಿ, 2016ರ ಮಾರ್ಚ್ 9ರಂದು ನಾನೇನು ಮಾಡುತ್ತಿದ್ದೆ? ಬಹುಶಃ ಸಿಲ್ಕ್ ಬೋರ್ಡ್ ಟ್ರಾಫಿಕ್‌ನಲ್ಲಿ ನಿಂತಿದ್ದೆ. ಹಿಂದಿನ ದಿನವೂ ಅಲ್ಲೇ, ಮಾರನೇ ದಿನವೂ ಅಲ್ಲೇ.

ವಯಸ್ಸಾದವರನ್ನು ಹಳೆಯದು ಕೇಳಿದರೆ, ಸುಮಾರು ಹತ್ತರಿಂದ ಮೂವತ್ತು ವಯಸ್ಸಿನ ನಡುವಿನದೇ ಜಾಸ್ತಿ ಹೇಳುತ್ತಾರೆ. ಮನಶ್ಶಾಸ್ತ್ರದವರು ಇದನ್ನು ಮತ್ತೆ ಮತ್ತೆ ಕಂಡಿದ್ದಾರೆ. ಮೊದಲ ಕಾಲೇಜು, ಮೊದಲ ಸಂಬಳ, ಮೊದಲ ಮಗು, ಎಲ್ಲ ಆ ವಯಸ್ಸಿನಲ್ಲೇ ಅಲ್ವಾ? ಆಮೇಲೆ ಬರುವುದು ಇಎಂಐ, ಅಪ್ಪ ಅಮ್ಮನ ಬಿಪಿ ಮಾತ್ರೆ, ಮಕ್ಕಳ ಟ್ಯೂಷನ್. ಒಂದು ತಿಂಗಳಿಗೂ ಇನ್ನೊಂದು ತಿಂಗಳಿಗೂ ವ್ಯತ್ಯಾಸ ಗೊತ್ತಾಗುವುದಿಲ್ಲ.

2020ರ ಲಾಕ್‌ಡೌನ್ ನೆನಪಿಸಿಕೊಳ್ಳಿ. ಆಗ ಒಂದೊಂದು ಮಧ್ಯಾಹ್ನವೂ ಮುಗಿಯುತ್ತಿರಲಿಲ್ಲ. ಈಗ ತಿರುಗಿ ನೋಡಿದರೆ ಇಡೀ ವರ್ಷ ಒಂದು ಹಿಡಿಗೆ ಸಿಗುತ್ತದೆ. ಖಾಲಿ ಹೊತ್ತು ಕಳೆಯುವಾಗ ಉದ್ದ, ನೆನೆಯುವಾಗ ಗಿಡ್ಡ ಎಂಬ ಅರ್ಥದ ಮಾತನ್ನು ಅಮೆರಿಕದ ಮನಶ್ಶಾಸ್ತ್ರಜ್ಞ ವಿಲಿಯಂ ಜೇಮ್ಸ್ 1890ರಲ್ಲೇ ಬರೆದಿದ್ದಾನೆ.

ನನಗೆ ಇದು ನಿಜವಾಗಿ ಅರ್ಥವಾದದ್ದು ಅಮ್ಮನಿಂದ. ಪಂಚಾಂಗದಲ್ಲಿ ವರ್ಷಗಳಿಗೆ ಅರವತ್ತು ಹೆಸರಿವೆ. ನಾನು ಹುಟ್ಟಿದ್ದು ಕಾಳಯುಕ್ತಿ ಸಂವತ್ಸರ, ಅದು ಮತ್ತೆ ಬರುವುದು 2038ಕ್ಕೆ. ಅಮ್ಮನಿಗೆ ಆ ಹೆಸರೂ ಬೇಕಿಲ್ಲ, ಇಸವಿಯೂ ಬೇಕಿಲ್ಲ. 1978ರ ನವೆಂಬರಿನಲ್ಲಿ ಇಂದಿರಾ ಗಾಂಧಿ ಚಿಕ್ಕಮಗಳೂರಿನ ಉಪಚುನಾವಣೆ ಗೆದ್ದರಲ್ಲ, ಆಗ ಅಮ್ಮ ಅಲ್ಲೇ ತವರಿನಲ್ಲಿದ್ದರು. "ಜೀಪಿನ ಮೈಕು ಕೂಗಿದಾಗೆಲ್ಲ ನೀನು ಹೊಟ್ಟೇಲಿ ಒದೀತಿದ್ದೆ ಕಣೋ" ಅನ್ನುತ್ತಾರೆ. ತಂಗಿ ಹುಟ್ಟಿದ್ದು 'ಆಯಮ್ಮ ಹೋದ ವರ್ಷ'. ಸೋದರಮಾವನ ಮದುವೆ 'ಕರೀ ಹಸು ಅವಳಿ ಹಾಕಿದ ವರ್ಷ'. ಒಂದೊಂದು ವರ್ಷಕ್ಕೂ ಒಂದೊಂದು ಗೂಟ ಹೊಡೆದು ಕಟ್ಟಿಹಾಕಿದ್ದಾರೆ. ನನ್ನ ವರ್ಷಗಳು ಬಿಚ್ಚಿಕೊಂಡು ಓಡುತ್ತಿವೆ ಅಷ್ಟೇ. ಫೋನಿನಲ್ಲಿ ಸಾವಿರಾರು ಫೋಟೋ ಇದ್ದರೂ ಏನೂ ಪ್ರಯೋಜನವಾಗಲಿಲ್ಲ. ತೆಗೆದು ಸುಮ್ನೆ ಮರೆತಿದ್ದೇನೆ.

ಹಾಗಾಗಿ ಏನು ಮಾಡಬೇಕು ಅಂತ ಕೇಳಿದರೆ, ಟ್ರೆಕ್ಕಿಂಗ್ ಹೋಗಿ, ಗಿಟಾರ್ ಕಲಿಯಿರಿ ಅಂತೆಲ್ಲ ಹೇಳಲಾರೆ. ನಮಗೆ ಅಷ್ಟು ಬಿಡುವಿದ್ದಿದ್ದರೆ ಈ ಪ್ರಶ್ನೆಯೇ ಬರುತ್ತಿರಲಿಲ್ಲ. ನಾನು ಮಾಡಿದ್ದು ಇಷ್ಟು. ಅಡುಗೆಮನೆ ಗೋಡೆಯಲ್ಲಿ ಹಾಲಿನ ಲೆಕ್ಕ ಬರೆಯುವ ಕ್ಯಾಲೆಂಡರ್ ಇದೆ, ದೊಡ್ಡ ದೊಡ್ಡ ಮನೆಗಳದ್ದು. ರಾತ್ರಿ ಆ ದಿನದ ಮನೆಯಲ್ಲಿ ಒಂದೇ ಸಾಲು ಬರೆಯುತ್ತೇನೆ. 'ಕುಕ್ಕರ್ ಗ್ಯಾಸ್ಕೆಟ್ ಹೋಯಿತು.' 'ಮಗಳು ಮೊದಲ ಸಲ ಒಬ್ಬಳೇ ಮೆಟ್ರೋದಲ್ಲಿ ಬಂದಳು.' 'ಹಿತ್ತಲಿನ ಕರಿಬೇವು ಚಿಗುರಿತು.' ಶುರು ಮಾಡಿ ಒಂದೂವರೆ ವರ್ಷವಾಯಿತು. ಕಾಲ ನಿಧಾನವಾಯಿತು ಅಂತ ಸುಳ್ಳು ಹೇಳುವುದಿಲ್ಲ. ಆದರೆ ಹೋದ ಆಷಾಢ ಯಾವುದು, ಅದರ ಹಿಂದಿನ ಆಷಾಢ ಯಾವುದು ಅಂತ ಈಗ ಗೊತ್ತಾಗುತ್ತದೆ.

ಹೋದ ತಿಂಗಳು ಒಂದು ದಿನ ನಾನು ಬರೆಯುವ ಮೊದಲೇ ಮಗಳು ಬರೆದಿದ್ದಳು: 'ಅಜ್ಜಿ ಚಿಕ್ಕಮಗಳೂರು ಎಲೆಕ್ಷನ್ ಕಥೆ ಹೇಳಿದರು. ಈ ವಾರ ಮೂರನೇ ಸಲ.'

ಆ ವಾರವೆಲ್ಲ ನಾನು ಮನೆಯಲ್ಲೇ ಇದ್ದೆ. ನನಗೆ ನೆನಪಿರುವುದು ಒಂದೇ ಸಲದ್ದು.