ಬೆಳಗಿನವರೆಗೆ ಕಾಯಬಹುದಾದ ಅಲಾರಂ

(ಗುರುತು ಸಿಗದಂತೆ ವಿವರ ಬದಲಿಸಿದೆ.)

ನಮ್ಮಲ್ಲಿಗೆ ಸಲಹೆ ಕೇಳಿ ಬಂದವರು ಕಾಸರಗೋಡಿನ ಬದಿಯಡ್ಕ ಕಡೆಯ ಮಹಿಳೆ, ಮೂವತ್ತು ದಾಟಿದೆ. ಮನೆಯಿಂದಲೇ ಸಾಫ್ಟ್‌ವೇರ್ ಕೆಲಸ, ಗ್ರಾಹಕರು ಅಮೆರಿಕದವರು. ನಿದ್ದೆ ಇಲ್ಲ, ಫೋನ್ ಅಲುಗಿದರೆ ಎದೆ ಹೊಡೆದುಕೊಳ್ಳುತ್ತದೆ, ಮಗುವಿನ ಮೇಲೆ ಸಿಡುಕು. "ಮನೆಯಲ್ಲೇ ಕೂತು ಮಾಡುವ ಕೆಲಸಕ್ಕೆ ಇಷ್ಟು ಆಯಾಸವಾ?" ಎಂಬ ಅತ್ತೆಯ ಮಾತನ್ನು ಅವರೂ ನಂಬಿಬಿಟ್ಟಿದ್ದರು.

ಪಾಳಿಯ ಪಟ್ಟಿ ತೆರೆಸಿದಾಗ ವಿಷಯ ಹೊರಬಂತು. ಆನ್‌ಕಾಲ್ ಸರದಿಯಲ್ಲಿ (ಸಿಸ್ಟಂ ಅಲಾರಂ ಕೊಟ್ಟರೆ ಯಾವ ಹೊತ್ತಿಗಾದರೂ ಎದ್ದು ನೋಡಬೇಕಾದ ಪಾಳಿ) ಆರು ಜನರ ಹೆಸರಿದೆ. ಬಿಲ್ಲಿಂಗ್ ಭಾಗ ಗೊತ್ತಿರುವುದು ಮಾತ್ರ ಇವರೊಬ್ಬರಿಗೆ, ಹಾಗಾಗಿ ಯಾರ ವಾರವಾದರೂ ಕೊನೆಗೆ ಕರೆ ಇವರಿಗೇ. ಅಲ್ಲಿಯ ಬೇಸಿಗೆಯಲ್ಲಿ ನ್ಯೂಯಾರ್ಕಿನ ಕಚೇರಿ ಸಂಜೆ 5ಕ್ಕೆ ಮುಚ್ಚುವಾಗ ನಮಗೆ ರಾತ್ರಿ 2:30.

ಉಸಿರಾಟದ ಅಭ್ಯಾಸ ಹೇಳಿಕೊಟ್ಟು ಕಳಿಸಬಹುದಿತ್ತು, ಅಲಾರಂ ಕೂಗುತ್ತಲೇ ಇದ್ದರೆ ಅದರಿಂದ ಏನಾದೀತು? ಎರಡು ವಾರ ಪ್ರತಿ ಕರೆಯನ್ನೂ ಬರೆದಿಡಲು ಹೇಳಿದೆವು: ಎಷ್ಟು ಹೊತ್ತಿಗೆ, ಯಾವ ಅಲಾರಂ, ಏನು ಮಾಡಿದಿರಿ, ಬೆಳಗಿನವರೆಗೆ ಕಾಯಬಹುದಿತ್ತೇ. ಹೆಚ್ಚಿನ ಸಾಲುಗಳ ಕೊನೆಯಲ್ಲಿ 'ಹೌದು' ಎಂದಿತ್ತು. ಡಿಸ್ಕ್ ಶೇ. 80 ತುಂಬಿದ ಎಚ್ಚರಿಕೆ, ಐದು ನಿಮಿಷದಲ್ಲಿ ತಾನಾಗಿ ಇಳಿಯುವ ಸಿಪಿಯು ಹೊರೆಯ ಏರಿಕೆ. ಎದ್ದು ಒಂದು ಬಟನ್ ಒತ್ತುವುದಷ್ಟೇ ಕೆಲಸ, ಮತ್ತೆ ನಿದ್ದೆ ಹತ್ತುವುದಕ್ಕೆ ಒಂದು ಗಂಟೆ.

ಆ ಪಟ್ಟಿ ಹಿಡಿದೇ ಮ್ಯಾನೇಜರ್ ಜೊತೆ ಮಾತಾಡಿ ಎಂದೆವು. ತಾಳಲಾಗುತ್ತಿಲ್ಲ ಎಂದಷ್ಟೇ ಹೇಳಿದರೆ ನಾಲ್ಕು ದಿನ ರಜೆ ಕೊಡುತ್ತಾರೆ, ಮರಳಿದಾಗ ಅದೇ ಅಲಾರಂ. ಗ್ರಾಹಕರ ಕೆಲಸ ನಿಂತರೆ ಮಾತ್ರ ರಾತ್ರಿ ಕರೆ ಬರಲಿ, ಉಳಿದದ್ದು ಟಿಕೆಟ್ ಆಗಿ, ಅಂದರೆ ಬೆಳಿಗ್ಗೆ ನೋಡುವ ಕೆಲಸದ ಪಟ್ಟಿಗೆ, ಸೇರಲಿ. ಬಿಲ್ಲಿಂಗಿನ ಪ್ರತಿ ಅಲಾರಂಗೂ ಒಂದು ಪುಟದ ರನ್‌ಬುಕ್, ಅಂದರೆ ಏನೇನು ಮಾಡಬೇಕೆಂಬ ಹಂತಗಳ ಪಟ್ಟಿ, ಬೇಕು. ಬರೆಯಬೇಕಾದವರು ಕಲಿಯುವ ಸಹೋದ್ಯೋಗಿಗಳು, ಇವರು ತಿದ್ದಿದರೆ ಸಾಕು. ಇದನ್ನೂ ಇವರ ತಲೆಗೇ ಕಟ್ಟುವುದು ತಂಡಗಳ ಮಾಮೂಲಿ ಚಾಳಿ. ರಾತ್ರಿ ಎದ್ದವರು ಮರುದಿನ ತಡವಾಗಿ ಆರಂಭಿಸುವುದು ನಿಯಮವಾಗಬೇಕು. ಪ್ರತಿಸಲ ಕೇಳಿ ಪಡೆಯಬೇಕೆಂದರೆ ಸಂಕೋಚಕ್ಕೆ ಯಾರೂ ಕೇಳುವುದಿಲ್ಲ.

ತನ್ನ ಪಾಳಿಯಿಲ್ಲದ ವಾರ ಫೋನ್ ಅಡುಗೆಮನೆಯಲ್ಲಿರಲಿ, ಏಳುವ ಹೊತ್ತು ದಿನವೂ ಒಂದೇ ಇರಲಿ. ಆಗಲೂ ನಿದ್ದೆ ಕೂಡದಿದ್ದರೆ, ಎರಡು ವಾರ ಮನಸ್ಸು ಕುಗ್ಗಿಯೇ ಇದ್ದರೆ ವೈದ್ಯರನ್ನು ಕಾಣಬೇಕು. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ರಲ್ಲೂ ಮಾತಾಡಬಹುದು.

ಮ್ಯಾನೇಜರ್ ಬಹುಪಾಲು ಒಪ್ಪಿ ಒಂದು ಪ್ರಶ್ನೆ ಎತ್ತಿದರಂತೆ: ಆಟಿ ತಿಂಗಳ ಮಳೆಗೆ ಕರೆಂಟು, ನೆಟ್‌ವರ್ಕ್ ಎರಡೂ ಹೋದರೆ? ಹತ್ತು ನಿಮಿಷದಲ್ಲಿ ಉತ್ತರ ಬಾರದಿದ್ದರೆ ಕರೆ ತಾನಾಗಿ ಎರಡನೆಯವರಿಗೆ ಹೋಗುವಂತೆ ಹೊಂದಿಸಬೇಕು. ಆ ಎರಡನೆಯವರು ಬೇರೆ ಊರಿನವರಿರಬೇಕು, ಒಂದೇ ಲೈನಿನಲ್ಲಿ ಕರೆಂಟು ಹೋಗುವ ಇಬ್ಬರನ್ನು ಜೋಡಿ ಮಾಡಬಾರದು.