ಎರಡು ಚಮಚ ಬಿಸಿಬೇಳೆಬಾತ್

(ಗುರುತು ಸಿಗದಂತೆ ಊರು, ವಯಸ್ಸು, ಉದ್ಯೋಗ ಬದಲಿಸಿದ್ದೇನೆ. ಬರೆಯಲು ಗೆಳತಿಯರಿಬ್ಬರ ಒಪ್ಪಿಗೆಯೂ ಇದೆ.)

“ಮೇಡಂ, ಇದು ಹೇಳಿಕೊಳ್ಳುವಂಥ ವಿಷಯವೇ ಅಲ್ಲ” ಎಂದೇ ನನ್ನ ಬಳಿ ಆಪ್ತಸಮಾಲೋಚನೆಗೆ ಬಂದ ಈಕೆ ಮಾತು ಶುರು ಮಾಡಿದರು. ವಯಸ್ಸು 38, ಮೈಸೂರಿನಲ್ಲಿ ಒಂಟಿ ವಾಸ, ಬ್ಯಾಂಕಿನಲ್ಲಿ ಕೆಲಸ. ವಿಚ್ಛೇದನವಾಗಿ ಎರಡು ವರ್ಷ. ಅಂದಿನಿಂದ ತಿಂಗಳಿಗೆರಡು ಶನಿವಾರ ಕಾಲೇಜು ದಿನಗಳ ಗೆಳತಿ ಮನೆಗೆ ಬರುತ್ತಾರೆ. ಊಟ, ಆಮೇಲೊಂದು ಹಳೆಯ ಸಿನಿಮಾ.

ಆ ಶನಿವಾರ ಮಧ್ಯಾಹ್ನ ಮೂರಕ್ಕೇ ಒಲೆ ಹಚ್ಚಿದ್ದಾರೆ. ಪುಡಿ ಅಂಗಡಿಯದ್ದಲ್ಲ, ಬ್ಯಾಡಗಿ ಮೆಣಸಿನಕಾಯಿ, ಮರಾಠಿ ಮೊಗ್ಗು, ಚಕ್ಕೆ, ಕೊತ್ತಂಬರಿ ಬೀಜ ಹುರಿದು ಕುಟ್ಟಿದ್ದು. ಗೆಳತಿ ಬಂದದ್ದು ಎಂಟೂವರೆಗೆ. ಅಷ್ಟರಲ್ಲಿ ಗಟ್ಟಿಯಾಗುತ್ತಿದ್ದ ಬಾತಿಗೆ ಎರಡು ಸಲ ಬಿಸಿನೀರು ಬೆರೆಸಿ ಸಡಿಲಿಸಿಯಾಗಿತ್ತು. ಗೆಳತಿ ಎರಡು ಚಮಚ ತಿಂದು ತಟ್ಟೆ ಬದಿಗಿಟ್ಟರು, ಸಿನಿಮಾ ಮುಗಿಯುವವರೆಗೂ ಮೊಬೈಲ್ ನೋಡುತ್ತ ಕುಳಿತರು. “ಉಳಿದದ್ದನ್ನು ಮೂರು ದಿನ ನಾನೊಬ್ಬಳೇ ತಿಂದೆ.” ಇದನ್ನು ಹೇಳುವಾಗ ಮಾತ್ರ ಈಕೆ ಅತ್ತರು. ಅಂದಿನಿಂದ ಗೆಳತಿಯ ಕರೆ ಎತ್ತಿಲ್ಲ.

ನಿದ್ದೆ ಕೆಟ್ಟು ಮೂರು ವಾರವಾಯಿತು ಎಂದದ್ದರಿಂದ ಖಿನ್ನತೆಯ ಲಕ್ಷಣಗಳನ್ನು ಅಳೆಯುವ ಪಿ.ಎಚ್.ಕ್ಯೂ-9 ಪ್ರಶ್ನಾವಳಿ ತುಂಬಿಸಿದೆ. 27ಕ್ಕೆ 11 ಬಂತು. ಮಧ್ಯಮ ಪ್ರಮಾಣದ ಖಿನ್ನತೆಯ ಸೂಚನೆ. ಸಾವಿನ ಯೋಚನೆ ಕುರಿತ ಪ್ರಶ್ನೆಗೆ ಸೊನ್ನೆ ಇತ್ತು. ಪ್ರಶ್ನಾವಳಿಯೊಂದರಿಂದಲೇ ರೋಗನಿರ್ಣಯ ಮಾಡಲಾಗದು, ಮನೋವೈದ್ಯರನ್ನು ಕಾಣಿ ಎಂದೆ. ರಾತ್ರಿ ಹೊತ್ತು ತಡೆಯಲಾಗದಿದ್ದರೆ ಸರ್ಕಾರದ ಉಚಿತ ಟೆಲಿ-ಮನಸ್ ಸಹಾಯವಾಣಿ 14416 ಇದೆ, ಕನ್ನಡದಲ್ಲೇ ಮಾತನಾಡಬಹುದು ಎಂದೂ ತಿಳಿಸಿದೆ.

ಎರಡನೆಯ ಭೇಟಿಯಲ್ಲಿ ಕೇಳಿದೆ: ವಿಚ್ಛೇದನದ ಬಗ್ಗೆ ಗೆಳತಿಯ ಬಳಿ ಎಷ್ಟು ಸಲ ಮಾತನಾಡಿದ್ದೀರಿ?

“ಒಂದು ಸಲವೂ ಇಲ್ಲ. ಅಡುಗೆ ಮಾಡಿ ಬಡಿಸುತ್ತೇನಲ್ಲ!”

ಗಂಟು ಇದ್ದದ್ದು ಅಲ್ಲಿ. ನಮ್ಮವರಿಗೆ “ಊಟ ಆಯಿತಾ?” ಎಂಬುದೇ ಕುಶಲಪ್ರಶ್ನೆ, ಅಕ್ಕರೆ, ಮುನಿಸು, ಕ್ಷಮೆ ಎಲ್ಲವನ್ನೂ ತಟ್ಟೆಗೇ ಬಡಿಸಿಬಿಡುತ್ತೇವೆ. (ನನ್ನ ಮನೆಯಲ್ಲಿ ಸಾರಿನ ಉಪ್ಪು ನೋಡಿಯೇ ನನ್ನ ಸಿಟ್ಟು ಅಳೆಯುತ್ತಾರೆ.) ಆದರೆ ಬಾಯಿಬಿಟ್ಟು ಹೇಳದ ಎರಡು ವರ್ಷದ ದುಃಖವನ್ನು ಗೆಳತಿ ಬಿಸಿಬೇಳೆಬಾತಿನಲ್ಲಿ ಹುಡುಕಿಕೊಳ್ಳಬೇಕೆಂದರೆ ಹೇಗೆ?

ಮುಂದಿನ ಶನಿವಾರ ಅರ್ಧ ಗಂಟೆಯಲ್ಲಿ ಮುಗಿಯುವ ತಿಳಿಸಾರು, ಅನ್ನ ಸಾಕು ಎಂದೆ. ಹಪ್ಪಳ ಸುಡುವುದು ಗೆಳತಿಯ ಪಾಲಿಗೆ. ಊಟ ಮುಗಿಯುವವರೆಗೆ ಟಿ.ವಿ. ಹಚ್ಚುವುದು ಬೇಡ. ಎಲ್ಲಕ್ಕೂ ಮೊದಲು ಫೋನ್ ಮಾಡಿ ಇಷ್ಟು ಹೇಳಬೇಕು: “ಸಿನಿಮಾ ನೋಡದಿದ್ದರೂ ಆಗುತ್ತದೆ, ನಿನ್ನ ಹತ್ತಿರ ಮಾತನಾಡಬೇಕಿದೆ.” ನನ್ನೆದುರೇ ನಾಲ್ಕು ಸಲ ಹೇಳಿಸಿದೆ. ಮೂರು ಸಲ ಕೊನೆಗೆ “ನಿನಗೆ ಪುರುಸೊತ್ತಿದ್ದರೆ” ಎಂದು ಸೇರಿಸಿದರು. ಅದನ್ನು ಬಿಡಿಸುವಷ್ಟರಲ್ಲಿ ನಮ್ಮ ಸಮಯ ಮುಗಿದಿತ್ತು.

ಗೆಳತಿ ಬಂದರು. ತಿಳಿಸಾರಿನ ಅನ್ನವನ್ನೂ ಒಂದು ಹಿಡಿಗೆ ನಿಲ್ಲಿಸಿದಾಗ ಈಕೆ ಮುನಿಸಿಕೊಳ್ಳುವ ಬದಲು ಕಾರಣ ಕೇಳಿದರು. ಗೆಳತಿಗೆ ಸಕ್ಕರೆ ಕಾಯಿಲೆ ಇರುವುದು ಇತ್ತೀಚೆಗಷ್ಟೇ ಗೊತ್ತಾಗಿತ್ತು. ರಾತ್ರಿ ಅನ್ನ ಕಡಿಮೆ ಮಾಡಲು ವೈದ್ಯರು ಹೇಳಿದ್ದರಂತೆ. ಮಧ್ಯಾಹ್ನದಿಂದ ಒಲೆ ಮುಂದೆ ನಿಂತವಳಿಗೆ ಅದನ್ನು ಹೇಗೆ ಹೇಳುವುದೆಂದು ಅವರೂ ಬಾಯಿ ಕಟ್ಟಿಕೊಂಡಿದ್ದರು. ಮೊಬೈಲಿನ ಬಗ್ಗೆ ಕೊಟ್ಟ ಸಮಜಾಯಿಷಿ ಮಾತ್ರ ಈಕೆಗೆ ಇನ್ನೂ ಒಪ್ಪಿಗೆಯಾಗಿಲ್ಲ.

ಆ ರಾತ್ರಿ ಸಿನಿಮಾ ಹಚ್ಚಲಿಲ್ಲ. ಎರಡು ಹಪ್ಪಳ ಸೀದುಹೋದವಂತೆ. ಮನೋವೈದ್ಯರ ಭೇಟಿ ಮುಂದಿನ ಮಂಗಳವಾರ. ಗೆಳತಿ ಅರ್ಧ ದಿನ ರಜೆ ಹಾಕಿ ಜೊತೆಗೆ ಹೋಗುತ್ತಿದ್ದಾರೆ.