ಮೊದಲು ಅವ್ವನ ರಕ್ತ ಟೆಸ್ಟ್‌ಗೆ ಕೊಡಿಸಿ

ಪ್ರಶ್ನೆ: ನಾನು ಬಾಗಲಕೋಟೆ ಜಿಲ್ಲೆಯ ಜಮಖಂಡಿಯವಳು, 34 ವರ್ಷ. ಅವ್ವನಿಗೆ 52ನೇ ವಯಸ್ಸಿಗೆ ಅಂಡಾಶಯದ ಕ್ಯಾನ್ಸರ್ ಬಂದು ಕೀಮೋ ನಡೆದಿದೆ. ಅವಳ ತಂಗಿ, ನಮ್ಮ ಚಿಕ್ಕವ್ವ, 41ಕ್ಕೇ ಸ್ತನ ಕ್ಯಾನ್ಸರ್‌ನಿಂದ ತೀರಿಕೊಂಡಳು. ನಾನು ಮತ್ತು ನನ್ನ 9 ವರ್ಷದ ಮಗಳು ಜೀನ್ ಟೆಸ್ಟ್ ಮಾಡಿಸಬೇಕಾ? ತಮ್ಮ ಮಾತ್ರ ‘ಅದು ಹೆಣ್ಣಮಕ್ಕಳ ರೋಗ, ನನಗ್ಯಾಕ’ ಅಂತಾನೆ.

ಉತ್ತರ: ಮಗಳನ್ನು ಸದ್ಯ ಬಿಡಿ. 18 ತುಂಬಿದ ಮೇಲೆ ಅವಳೇ ತೀರ್ಮಾನಿಸಲಿ. ನೀವೂ ಸ್ವಲ್ಪ ತಡೆಯಿರಿ. ಮೊದಲು ಟೆಸ್ಟ್ ಆಗಬೇಕಾದ್ದು ಅವ್ವನಿಗೆ.

ನಿಮ್ಮದೇ ಮೊದಲು ಮಾಡಿಸಿ ‘ಏನೂ ಇಲ್ಲ’ ಅಂತ ಬಂತು ಅಂದುಕೊಳ್ಳಿ. ಅವ್ವನ ಜೀನ್‌ನಲ್ಲಿರುವ ದೋಷ ನಿಮಗೆ ಇಳಿದಿಲ್ಲವೋ, ಈ ಟೆಸ್ಟ್‌ಗೆ ಸಿಗದ ಬೇರೆ ಕಾರಣ ಮನೆತನದಲ್ಲಿದೆಯೋ, ಗೊತ್ತಾಗುವುದಿಲ್ಲ. ಅವ್ವನಲ್ಲಿ ದೋಷ ಸಿಕ್ಕರೆ ನಿಮ್ಮಲ್ಲಿ ಅದೊಂದನ್ನೇ ಹುಡುಕಿದರೆ ಸಾಕು. ಅವ್ವನಿಗೂ ಉಪಯೋಗ ಇದೆ. ಬಿಆರ್‌ಸಿಎ1, ಬಿಆರ್‌ಸಿಎ2 ಅಂತ ಎರಡು ಜೀನ್ ಇವೆ, ಇವು ಕೆಟ್ಟರೆ ಸ್ತನ, ಅಂಡಾಶಯದ ಕ್ಯಾನ್ಸರ್ ಅಪಾಯ ಹೆಚ್ಚು. ಇವುಗಳಲ್ಲಿ ದೋಷ ಇರುವವರಿಗೆ ಓಲಾಪರಿಬ್‌ನಂಥ ಮಾತ್ರೆ ಚೆನ್ನಾಗಿ ಕೆಲಸ ಮಾಡುತ್ತದೆ. ಡಾಕ್ಟರ್ ಹೇಳಿಲ್ಲ ಅಂದರೆ ನೀವೇ ಕೇಳಿ.

ತಮ್ಮನ ಮಾತು ತಪ್ಪು. ಅವ್ವನಲ್ಲಿ ಈ ದೋಷ ಇದ್ದರೆ ಗಂಡಾಗಲಿ ಹೆಣ್ಣಾಗಲಿ, ಪ್ರತಿ ಮಗುವಿಗೂ ಬರುವ ಸಾಧ್ಯತೆ ನೂರಕ್ಕೆ 50. ಅವನಿಗೆ ಪ್ರಾಸ್ಟೇಟ್ ಕ್ಯಾನ್ಸರ್, ಅಪರೂಪಕ್ಕೆ ಸ್ತನ ಕ್ಯಾನ್ಸರ್ ಕೂಡ ಬರಬಹುದು. ಅವನಿಂದ ಅವನ ಮಕ್ಕಳಿಗೂ ಇಳಿಯಬಹುದು.

ಡಾಕ್ಟರ ಹತ್ತಿರ ಬರಿಗೈಯಲ್ಲಿ ಹೋಗಬೇಡಿ. ಚಿಕ್ಕವ್ವನ ಬಯಾಪ್ಸಿ ರಿಪೋರ್ಟ್ ಹುಡುಕಿ. ಇಂಥ ಕಾಗದ ಹೆಚ್ಚಾಗಿ ಹೊಲದ ಉತಾರದ ಜೊತೆ ಟ್ರಂಕಿನಲ್ಲೇ ಇರುತ್ತದೆ. ಯಾರಿಗೆ, ಯಾವ ವಯಸ್ಸಿಗೆ, ಎಲ್ಲಿ ಗಡ್ಡೆ ಅಂತ ಹಿರಿಯರನ್ನು ಕೇಳಿ ಬರೆದುಕೊಳ್ಳಿ. ‘ಹೊಟ್ಟೆಯಲ್ಲಿ ನೀರು ತುಂಬಿ ಸತ್ತಳು’ ಅಂತಾರಲ್ಲ, ಅದೂ ಅಂಡಾಶಯದ ಕ್ಯಾನ್ಸರ್ ಇದ್ದಿರಬಹುದು. ಅಪ್ಪನ ಕಡೆಯವರನ್ನೂ ಬಿಡಬೇಡಿ.

ನಿಮ್ಮಲ್ಲೂ ದೋಷ ಸಿಕ್ಕರೆ ವರ್ಷಕ್ಕೊಮ್ಮೆ ಸ್ತನದ ಎಂಆರ್‌ಐ, ಮ್ಯಾಮೋಗ್ರಾಮ್ ಮಾಡಿಸಬೇಕು. ಅಂಡಾಶಯಕ್ಕೆ ಅಂಥ ನಂಬುವ ತಪಾಸಣೆ ಇಲ್ಲ. ಹಾಗಾಗಿ ಮಕ್ಕಳು ಸಾಕು ಅಂದ ಮೇಲೆ, ಬಿಆರ್‌ಸಿಎ1 ಆದರೆ 35ರಿಂದ 40ರೊಳಗೆ, ಬಿಆರ್‌ಸಿಎ2 ಆದರೆ 40ರಿಂದ 45ರೊಳಗೆ ಅಂಡಾಶಯ ಮತ್ತು ಅದರ ನಾಳಗಳನ್ನು ತೆಗೆಸಲು ಹೇಳುತ್ತೇವೆ. ‘ಗರ್ಭಚೀಲ ತೆಗೆಸಿದರೆ ಆಯ್ತಲ್ವಾ’ ಅಂತ ಈ ಕಡೆ ಜಾಸ್ತಿ ಕೇಳ್ತಾರೆ. ಆಗಲ್ಲ, ಅಂಡಾಶಯ ಬೇರೆ. ಇನ್ನು ರಿಪೋರ್ಟ್‌ನಲ್ಲಿ ‘ಅರ್ಥ ಖಚಿತವಿಲ್ಲದ ಬದಲಾವಣೆ’ ಅಂತ, ಅಂದರೆ ಜೀನ್‌ನ ಆ ಬದಲಾವಣೆ ಅಪಾಯದ್ದೋ ಅಲ್ಲವೋ ಇನ್ನೂ ತಿಳಿದಿಲ್ಲ ಅಂತ ಬಂದರೆ, ಅದೊಂದನ್ನೇ ಹಿಡಿದು ಯಾವ ಆಪರೇಷನ್‌ಗೂ ಒಪ್ಪಬೇಡಿ.